ಐದು ಚದರಡಿಯ ವ್ಯತ್ಯಾಸ

ಪಟ್ಟಂದೂರು ಅಗ್ರಹಾರದ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳಿಗೆ ಬೆನ್ನು ಮಾಡಿ ಊರೊಳಗೆ ಹೊಕ್ಕರೆ ಮೊದಲು ಕಣ್ಣಿಗೆ ಬೀಳುವುದು ಪಿಜಿ ಬೋರ್ಡುಗಳು. ಸಿಂಗಲ್, ಡಬಲ್, ಟ್ರಿಪಲ್ ಶೇರಿಂಗ್. ಮೂರು ಹೊತ್ತು ಊಟ, ವೈಫೈ, ದಿನವಿಡೀ ಬಿಸಿನೀರು. 2024ರ ಆಗಸ್ಟ್‌ನಲ್ಲಿ ಬಿಬಿಎಂಪಿ ಈ ಪಿಜಿಗಳಿಗೆಂದು ಮಾರ್ಗಸೂಚಿ ಹೊರಡಿಸಿ, ತಲೆಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಕೊಡಲೇಬೇಕು ಎಂದಿತು. ಅತ್ತ ಜಪಾನಿನಲ್ಲಿ ರಿಯೋಕಾನ್ ಎಂದು ಕರೆಸಿಕೊಳ್ಳುವ ಹಳೇ ಕ್ರಮದ ವಸತಿಗೃಹಕ್ಕೂ ಒಂದು ಸರ್ಕಾರಿ ಅಳತೆ ಇದೆ. ಒಂದು ಕೋಣೆ ಕನಿಷ್ಠ 7 ಚದರ ಮೀಟರ್ ಇರಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 75 ಚದರಡಿ.

ಐದು ಚದರಡಿ ಹೆಚ್ಚು. ಒಂದು ಸೂಟ್‌ಕೇಸ್ ಬಿಚ್ಚಿಡುವಷ್ಟು ಜಾಗ.

ಆದರೆ ಈ ಪಿಜಿಯಲ್ಲಿ ಒಂದು ತಿಂಗಳಿಗೆ ಕೊಡುವ ದುಡ್ಡು ಆ ರಿಯೋಕಾನ್‌ನಲ್ಲಿ ಒಂದು ರಾತ್ರಿಗೆ ಆಗುತ್ತದೆ. ರಾತ್ರಿಯೂಟ, ಬೆಳಗಿನ ತಿಂಡಿ ಸೇರಿ ತಲೆಗೆ 20 ಸಾವಿರ ಯೆನ್ ಎಂದರೆ ಅಲ್ಲಿ ಮಧ್ಯಮ ದರ್ಜೆಯ ಮನೆ. ರೂಪಾಯಿಯಲ್ಲಿ ಹನ್ನೊಂದು ಹನ್ನೆರಡು ಸಾವಿರ. ಗಂಡ ಹೆಂಡತಿ ಇಬ್ಬರು ಹೋದರೆ ಅದರ ಎರಡರಷ್ಟು, ಏಕೆಂದರೆ ರಿಯೋಕಾನ್ ಲೆಕ್ಕ ಹಾಕುವುದು ತಲೆಗೆ, ಕೋಣೆಗಲ್ಲ. ಕೋಣೆಯಲ್ಲಿ ಮಂಚವಿಲ್ಲ. ಮೇಜಿದ್ದರೂ ಮೊಣಕಾಲೆತ್ತರದ್ದು. ಟಿವಿ ಇದ್ದರೆ ಮೂಲೆಯಲ್ಲಿ ಮುಜುಗರದಿಂದ ಕೂತಿರುತ್ತದೆ. ಹಾಗಾದರೆ ದುಡ್ಡು ಯಾವುದಕ್ಕೆ? ಇದಕ್ಕೆ ಉತ್ತರ ಕಂಡುಕೊಳ್ಳದೆ ಕೋಣೆ ಕಾದಿರಿಸುವವರೇ ಹೆಚ್ಚು. ನಗರಕ್ಕೆಂದು ಹೊರಟವರು ಎಡವುವುದೂ ಅಲ್ಲೇ.

ಬೆಂಗಳೂರಿನ ಈ ಪೂರ್ವದ ಅಂಚಿನಿಂದ ಜಪಾನಿಗೆ ಹೋಗಿಬರುವವರ ಸಂಖ್ಯೆ ಈಗ ಸಣ್ಣದಲ್ಲ. ದೇವನಹಳ್ಳಿಯಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ಟೊಯೊಟಾ 1997ರಲ್ಲಿ ಕಿರ್ಲೋಸ್ಕರ್ ಜತೆಗೂಡಿ ಬಿಡದಿಗೆ ಬಂದಾಗಿನಿಂದ ಜಪಾನೀ ಕಂಪನಿಗಳ ನಂಟು ಈ ಊರಿಗೆ ಗಟ್ಟಿಯಾಗಿದೆ. ನಂಟು ಇನ್ನೂ ಹಳೆಯದು ಎನ್ನಬೇಕು. ವಿಶ್ವೇಶ್ವರಯ್ಯನವರು 1898ರಲ್ಲೇ ಮೂರು ತಿಂಗಳು ಜಪಾನ್ ಸುತ್ತಿ ಬಂದಿದ್ದರು. ಅವರ ಕಣ್ಣು ಕಾರ್ಖಾನೆ, ಶಾಲೆಗಳ ಮೇಲಿತ್ತು. ಈಗಿನವರು ಆಫೀಸಿನ ಕೆಲಸಕ್ಕೆ ಒಂದು ವಾರ ರಜೆ ಅಂಟಿಸಿಕೊಂಡು ಹೋಗುತ್ತಾರೆ, ಚೆರ್ರಿ ಹೂ ನೋಡುತ್ತಾರೆ, ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹತ್ತುತ್ತಾರೆ. ‘ಒಂದು ರಾತ್ರಿಯಾದರೂ ರಿಯೋಕಾನ್‌ನಲ್ಲಿ ಇರಬೇಕಂತೆ’ ಎಂಬ ಮಾತೂ ಪಟ್ಟಿಗೆ ಸೇರಿರುತ್ತದೆ.

ಇಂಥ ಮನೆಯೊಂದನ್ನು ಊಹಿಸಿಕೊಳ್ಳಿ. ಟೆಕ್ ಪಾರ್ಕಿಗೆ ನಡೆದೇ ಹೋಗುವ ಗಂಡ ಹೆಂಡತಿ, ಜತೆಗೆ ಹಾಸನದ ಕಡೆಯಿಂದ ಬಂದ ಅಮ್ಮ. ಮಗ ಫೋನಿನಲ್ಲಿ ಚಿತ್ರ ತೋರಿಸುತ್ತಾನೆ: ಚಾಪೆ, ಚಾಪೆಯ ಮೇಲೆ ಹಾಸಿಗೆ, ಕಾಗದದ ಬಾಗಿಲು.

‘ಇದೇನಪ್ಪ, ನೆಲದ ಮೇಲೆ ಮಲಗೋದಾ?’

‘ಅಲ್ಲೆಲ್ಲ ಹಂಗೇ ಅಮ್ಮ. ಅದೇ ಸ್ಪೆಷಲ್ಲು.’

‘ನಿಮ್ಮಪ್ಪ ಸಾಲ ಮಾಡಿ ಮಂಚ ತಂದಿದ್ದು ನಾವು ನೆಲ ಬಿಟ್ಟು ಮೇಲೇಳಲಿ ಅಂತ. ನೀನು ದುಡ್ಡು ಕೊಟ್ಟು ಮತ್ತೆ ಕೆಳಗಿಳಿಸ್ತೀಯಲ್ಲೋ!’

ಅಮ್ಮನ ಮಾತಿನಲ್ಲಿ ಲೇವಡಿಗಿಂತ ತಿಳಿವಳಿಕೆ ಹೆಚ್ಚು. ಅವರು ಕೇಳುತ್ತಿರುವುದೂ ಅದನ್ನೇ: ನೆಲದ ಮೇಲೆ ಮಲಗಿಸಿ ಇವರು ತೆಗೆದುಕೊಳ್ಳುವ ದುಡ್ಡು ಯಾವುದರ ಬೆಲೆ?

ಅದು ಸಂಜೆಯ ಬೆಲೆ. ಹಾಸಿಗೆ ಅದರ ಒಂದು ಭಾಗ, ಅಷ್ಟೆ. ರಿಯೋಕಾನ್‌ನ ದಿನ ಶುರುವಾಗುವುದು ಮಧ್ಯಾಹ್ನ ಮೂರಕ್ಕೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಂದು ಮೆಟ್ಟಿಲು ಮೇಲೇರಬೇಕು. ಬಿಟ್ಟ ಚಪ್ಪಲಿಯನ್ನು ಹೊರಮುಖವಾಗಿ ತಿರುಗಿಸಿಡುವುದು ಮನೆಯವರ ಕೆಲಸ. ಕೋಣೆಗೆ ಹೋಗಿ ಕೂತರೆ ನಕಾಯಿ ಎಂದು ಕರೆಸಿಕೊಳ್ಳುವ ಪರಿಚಾರಿಕೆ ಚಹಾ, ಒಂದು ಸಿಹಿ ತಂದಿಟ್ಟು ಊಟ ಎಷ್ಟು ಹೊತ್ತಿಗೆಂದು ಕೇಳುತ್ತಾಳೆ. ಯುಕಾತ ಎಂಬ ಹತ್ತಿಯ ನಿಲುವಂಗಿ ಮಡಿಸಿಟ್ಟಿರುತ್ತದೆ. ಬಲಸೆರಗಿನ ಮೇಲೆ ಎಡಸೆರಗು ಬರುವಂತೆ ಉಡಬೇಕು. ತಿರುಗಾಮುರುಗಾ ಆದರೆ ಅದು ಹೆಣಕ್ಕೆ ಉಡಿಸುವ ರೀತಿ. ಆಮೇಲೆ ಸ್ನಾನ. ಆರೂವರೆಗೋ ಏಳಕ್ಕೋ ಊಟ, ಒಂದರ ಹಿಂದೊಂದು ಸಣ್ಣ ಬಟ್ಟಲುಗಳಲ್ಲಿ, ಋತುವಿಗೆ ತಕ್ಕ ಪದಾರ್ಥ, ಅದಕ್ಕೊಪ್ಪುವ ಪಾತ್ರೆ. ಊಟದ ಮೇಜು ಗೋಡೆಗೆ ಸರಿದ ಮೇಲೆ ಬೀರುವಿನಿಂದ ಹಾಸಿಗೆ ಇಳಿಯುತ್ತದೆ. ಬೆಳಗ್ಗೆ ತಿಂಡಿಯ ಹೊತ್ತಿಗೆ ಹಾಸಿಗೆ ಮಾಯ. ಹತ್ತಕ್ಕೆ ಕೋಣೆ ಬಿಡಬೇಕು.

ಒಂದೇ ಕೋಣೆ ಮಧ್ಯಾಹ್ನ ಪಡಸಾಲೆ, ಸಂಜೆ ಊಟದ ಮನೆ, ರಾತ್ರಿ ಮಲಗುವ ಮನೆ. ನಮ್ಮ ಹಳೇ ನಡುಮನೆಗಳೂ ಹೀಗೇ ಇದ್ದವು. ಹಾಸಿಗೆ ಸುರುಳಿಗಳು ಅಟ್ಟದ ಕೆಳಗೆ, ಊಟಕ್ಕೆ ಮಣೆ, ಮಧ್ಯಾಹ್ನ ಅಲ್ಲೇ ಹಪ್ಪಳ ಲಟ್ಟಿಸುವುದು. ಆ ಕೋಣೆಗಳು ದೊಡ್ಡದಾಗಿ ಕಂಡದ್ದು ಯಾವ ಸಾಮಾನೂ ಒಂದೇ ಜಾಗಕ್ಕೆ ಅಂಟಿಕೊಂಡಿರಲಿಲ್ಲ ಎಂಬ ಕಾರಣಕ್ಕೆ. ಪಿಜಿಯ 70 ಚದರಡಿ ಇಕ್ಕಟ್ಟೆನಿಸುವುದು, ರಿಯೋಕಾನ್‌ನ 75 ಚದರಡಿ ಹಗುರೆನಿಸುವುದು ಇದರಿಂದ. ಕಬ್ಬಿಣದ ಮಂಚ ಹಗಲೂ ಮಂಚವೇ. ಹಾಸಿಗೆ ಹಾಸುವ, ತೆಗೆಯುವ, ಮೇಜು ಸರಿಸುವ ಕೈಗಳಿಗೆ ಕೂಲಿ ಬೇಕು. ಯೆನ್ ಹೋಗುವುದು ಆ ಕೈಗಳಿಗೆ.

ಈಗ ಲೆಕ್ಕ ನೋಡಿ. ಮೂರರಿಂದ ಮರುದಿನ ಹತ್ತರವರೆಗೆ ಹತ್ತೊಂಬತ್ತು ಗಂಟೆ. ಎಂಟು ಗಂಟೆ ನಿದ್ದೆ ಕಳೆದರೆ ಉಳಿದ ಹನ್ನೊಂದು ಗಂಟೆಗೂ ದುಡ್ಡು ಕೊಟ್ಟಾಗಿದೆ. ಟೋಕಿಯೊಗೆ ಮೊದಲ ಸಲ ಹೋದವರು ಏನು ಮಾಡುತ್ತಾರೆ? ಬೆಳಗ್ಗೆ ಅಸಾಕುಸ ದೇವಾಲಯ, ಮಧ್ಯಾಹ್ನ ಅಕಿಹಬರದ ಎಲೆಕ್ಟ್ರಾನಿಕ್ ಅಂಗಡಿಗಳು, ಸಂಜೆ ಶಿಬುಯಾದ ದೀಪಗಳು. ಕಾಲು ಸೋತು ಹಿಂತಿರುಗುವಾಗ ರಾತ್ರಿ ಹತ್ತು. ಊಟದ ಹೊತ್ತು ಎಂದೋ ಮುಗಿದಿದೆ. ಎಷ್ಟೋ ಸಣ್ಣ ಮನೆಗಳಲ್ಲಿ ಹನ್ನೊಂದಕ್ಕೆ ಬಾಗಿಲೂ ಹಾಕುತ್ತಾರೆ. ಹಾಗೆ ಬರುವವರಿಗೆ ನಿಲ್ದಾಣದ ಪಕ್ಕದ ಬಿಸಿನೆಸ್ ಹೋಟೆಲೇ ಸರಿ. ಅದರ ಕೋಣೆಯೂ ಚಿಕ್ಕದೇ, ಆದರೆ ನೀವು ಯಾವಾಗ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ರಿಯೋಕಾನ್ ಕೇಳುತ್ತದೆ. ಮನೆಗೆ ತಡವಾಗಿ ಬಂದ ಅಳಿಯನಿಗೆ ಅತ್ತೆ ಮುಚ್ಚಿಟ್ಟ ಅನ್ನ ಬಡಿಸುವಾಗ ಹುಟ್ಟುವ ಆ ಮೌನ ಅಲ್ಲೂ ಇದೆ; ಭಾಷೆ ಮಾತ್ರ ಬೇರೆ.

ಇಷ್ಟು ಹೇಳಿದ ಮೇಲೆ ಒಂದು ತೀರ್ಮಾನ ಸುಲಭ: ರಿಯೋಕಾನ್ ಬೇಕಾದರೆ ಬೆಟ್ಟಕ್ಕೆ, ಬಿಸಿನೀರ ಬುಗ್ಗೆಯ ಊರಿಗೆ ಹೋಗಿ, ನಗರದಲ್ಲಿ ಅದು ವೇಷ. ಪ್ರವಾಸ ಬಲ್ಲವರು ಅನೇಕರು ಹೀಗೇ ಹೇಳುತ್ತಾರೆ. ಕ್ರಿ.ಶ. 705ರಲ್ಲಿ ಶುರುವಾಯಿತೆಂದು ಗಿನ್ನೆಸ್ ದಾಖಲೆಯಲ್ಲಿರುವ ನಿಶಿಯಾಮ ಒನ್ಸೆನ್ ಕೇಯುನ್‌ಕಾನ್ ಯಮನಾಶಿಯ ಗುಡ್ಡಗಳ ನಡುವೆ ಇದೆ ಎಂದು ಉದಾಹರಣೆಯನ್ನೂ ಕೊಡುತ್ತಾರೆ. ಮಾತು ಅರ್ಧ ನಿಜ. ಬುಗ್ಗೆಯ ಊರಿನ ಮನೆಗಳದು ಒಂದು ವಂಶವಾದರೆ ಪೇಟೆಯ ಮನೆಗಳದು ಇನ್ನೊಂದು. ಎರಡನೆಯದರ ಕಥೆ ಬೆಂಗಳೂರಿನವರಿಗೆ ಗುರುತು ಹತ್ತುವಂಥದ್ದು.

ಕ್ಯೋಟೊ ನಗರದ ನಟ್ಟನಡುವೆ, ಫುಯಾಚೊ ಎಂಬ ಬೀದಿಯಲ್ಲಿ, ಎರಡು ಮನೆಗಳು ಎದುರುಬದುರು ನಿಂತಿವೆ. ಒಂದು ತವರಾಯ, ಇನ್ನೊಂದು ಹೀರಾಗಿಯಾ. ತವರಾಯ ಶುರುವಾದದ್ದು ಹದಿನೆಂಟನೇ ಶತಮಾನದ ಆರಂಭದಲ್ಲಿ. ಪಶ್ಚಿಮದ ಇವಾಮಿ ಸೀಮೆಯ ಬಟ್ಟೆ ವ್ಯಾಪಾರಿಯೊಬ್ಬರು ರಾಜಧಾನಿಯಲ್ಲಿ ಅಂಗಡಿ ತೆರೆದರು. ಊರ ಕಡೆಯ ವ್ಯಾಪಾರಿಗಳು ಬಂದಾಗ ಅಲ್ಲೇ ಇಳಿದುಕೊಳ್ಳುತ್ತಿದ್ದರು. ಕ್ರಮೇಣ ಅಂಗಡಿ ಹೋಗಿ ತಂಗುಮನೆಯೇ ಕಸುಬಾಯಿತು. ಹೀರಾಗಿಯಾ 1818ರದು. ಅವರದೂ ಮೊದಲು ಮೀನಿನ ವ್ಯಾಪಾರ, ಸರಕು ಸಾಗಣೆ. ನೊಬೆಲ್ ಪಡೆದ ಲೇಖಕ ಕವಾಬಾತ ಯಸುನಾರಿ ಕ್ಯೋಟೊಗೆ ಬಂದಾಗ ಇಳಿಯುತ್ತಿದ್ದ ಮನೆ ಇದು. ಬುಗ್ಗೆಯೂ ಇಲ್ಲ, ಬೆಟ್ಟವೂ ಇಲ್ಲ. ಕೆಲಸದ ಮೇಲೆ ಪೇಟೆಗೆ ಬಂದವನಿಗೆ ಊರಿನವರ ಮನೆ ಎಂಬುದೇ ಇವುಗಳ ಬೇರು.

ಈ ಕಥೆಗೆ ಮೆಜೆಸ್ಟಿಕ್‌ನಲ್ಲಿ ಒಬ್ಬ ದಾಯಾದಿ ಇದ್ದಾನೆ. ರೈಲು ನಿಲ್ದಾಣದ ಸಮೀಪದ ಗುಬ್ಬಿ ತೋಟದಪ್ಪ ಛತ್ರ. ಗುಬ್ಬಿಯಿಂದ ಬೆಂಗಳೂರಿಗೆ ಬಂದು ಪೇಟೆಯಲ್ಲಿ ವ್ಯಾಪಾರ ಮಾಡಿ ಕೈತುಂಬ ಗಳಿಸಿದ ತೋಟದಪ್ಪನವರು, ಊರೂರುಗಳಿಂದ ರೈಲಿಳಿದು ಬರುವವರಿಗೆ ತಲೆ ಮೇಲೊಂದು ಸೂರು ಬೇಕೆಂದು ಇದನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದನ್ನು ತೆರೆದರು. ಓದಲು ಬರುವ ಹುಡುಗರಿಗೆ ಹಾಸ್ಟೆಲೂ ಆಯಿತು. ನೂರಿಪ್ಪತ್ತು ವರ್ಷ ದಾಟಿದರೂ ಕಡಿಮೆ ದುಡ್ಡಿಗೆ ಕೋಣೆ ಸಿಗುವ ಜಾಗ ಎಂಬ ಅದರ ಹೆಸರು ಮಾಸಿಲ್ಲ. ಕ್ಯೋಟೊದ ವ್ಯಾಪಾರಿ ತನ್ನ ಊರಿನವರನ್ನು ಇಳಿಸಿಕೊಂಡು ಮುಂದೆ ಅದನ್ನೇ ಕುಶಲಕಲೆಯಾಗಿ ಬೆಳೆಸಿದ. ಬೆಂಗಳೂರಿನ ವ್ಯಾಪಾರಿ ಧರ್ಮವಾಗಿ ಬಿಟ್ಟುಹೋದ. ಕಲೆಗೆ ಬೆಲೆ ಏರುತ್ತಾ ಹೋಯಿತು. ಧರ್ಮಕ್ಕೆ ಬೆಲೆ ಏರಿಸುವಂತಿರಲಿಲ್ಲ.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ರೈಲು ಬರುವ ಮೊದಲಿನ ಎದೊ ಕಾಲದ ಜಪಾನಿನ ಹೆದ್ದಾರಿಗಳಲ್ಲಿ ಸಾಮಾನ್ಯರಿಗೆ ಎರಡು ಬಗೆಯ ತಂಗುಮನೆಗಳಿದ್ದವು. ಹತಾಗೊ ಎಂಬಲ್ಲಿ ಊಟ ಹಾಕುತ್ತಿದ್ದರು. ಕಿಚಿನ್‌ಯಾಡೊ ಎಂಬಲ್ಲಿ ಅಕ್ಕಿ ನೀವೇ ತರಬೇಕು, ಅಡುಗೆ ನೀವೇ ಮಾಡಿಕೊಳ್ಳಬೇಕು, ಸೌದೆಯ ಕಾಸು ಕೊಟ್ಟರೆ ಸಾಕು. ಹೆಸರಿನ ಅರ್ಥವೇ ಅದು, ಸೌದೆ ಕಾಸಿನ ಮನೆ. ನಮ್ಮ ಛತ್ರಗಳಲ್ಲೂ ಒಲೆ, ಪಾತ್ರೆ ಕೊಟ್ಟು ಬದಿಗೆ ಸರಿಯುತ್ತಿದ್ದರು. ಈಗ ಬೊಮ್ಮಸಂದ್ರದ ದೊಡ್ಡ ಆಸ್ಪತ್ರೆಯ ಸುತ್ತ ಹೋಗಿ ನೋಡಿ. ಬಂಗಾಳದಿಂದ ಹೃದಯದ ಚಿಕಿತ್ಸೆಗೆ ಬಂದವರ ಮನೆಮಂದಿ ಇಳಿದುಕೊಂಡ ಕೋಣೆಗಳಲ್ಲಿ ಸ್ಟೌವ್ ಉರಿಯುತ್ತಿರುತ್ತದೆ, ಬೀದಿಯಲ್ಲಿ ಬಂಗಾಳಿ ಬೋರ್ಡುಗಳು. ಕಿಚಿನ್‌ಯಾಡೊ ಎಂಬ ಹೆಸರು ಮಾತ್ರ ಅಲ್ಲಿಲ್ಲ. ಹತಾಗೊ ಎಂಬುದಕ್ಕೆ ನಮ್ಮಲ್ಲಿ ಸಮವಾದದ್ದು ಉಡುಪಿಯವರ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’. ‘ಊಟ ವಸತಿ ಗೃಹ’ ಎಂದು ಬಣ್ಣದಲ್ಲಿ ಬರೆದ ಹಳೇ ಬೋರ್ಡುಗಳು ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಅಲ್ಲಲ್ಲಿ ಇವೆ. ಜಪಾನಿಯರು ಒಂದು ರಾತ್ರಿ ಎರಡು ಊಟ ಎಂದು ಸುತ್ತಿ ಹೇಳುವುದನ್ನು ಆ ಬೋರ್ಡು ಮೂರೇ ಪದಗಳಲ್ಲಿ ಹೇಳಿಬಿಡುತ್ತದೆ.

ಹಾಗೆಂದು ಛತ್ರವನ್ನೂ ಅಗ್ರಹಾರವನ್ನೂ ಹೊಗಳಿ ಅಟ್ಟಕ್ಕೇರಿಸುವುದು ಬೇಡ. ಪಟ್ಟಂದೂರಿನ ಹೆಸರಿಗೆ ಅಂಟಿಕೊಂಡ ‘ಅಗ್ರಹಾರ’ ಎಂಬುದೇ ಬ್ರಾಹ್ಮಣರಿಗೆ ದತ್ತಿ ಬಿಟ್ಟ ಊರಿನ ಗುರುತು. ಅತಿಥಿ ಸತ್ಕಾರ ಅಲ್ಲಿ ದೊಡ್ಡ ಮಾತು. ಅತಿಥಿ ಯಾರೆಂಬುದು ಮಾತ್ರ ಮೊದಲೇ ತೀರ್ಮಾನವಾಗಿರುತ್ತಿತ್ತು. ಎಷ್ಟೋ ಛತ್ರಗಳಲ್ಲಿ ಜಾತಿಗೊಂದು ಪಂಕ್ತಿ, ಕೆಲವರಿಗೆ ಪಂಕ್ತಿಯೇ ಇಲ್ಲ. ಜಪಾನಿನ ಮನೆಗಳೂ ಮಡಿವಂತಿಕೆಯಿಂದ ಪಾರಾಗಿರಲಿಲ್ಲ. ಕಾರಣವಿಲ್ಲದೆ ಅತಿಥಿಯನ್ನು ಹಿಂದಕ್ಕೆ ಕಳಿಸಬಾರದೆಂದು 1948ರ ಕಾಯ್ದೆ ಹೇಳಿದ್ದರೂ, 2003ರಲ್ಲಿ ಕುಮಮೊಟೊ ಪ್ರಾಂತ್ಯದ ಬುಗ್ಗೆಯೂರಿನ ಹೋಟೆಲೊಂದು ಕುಷ್ಠರೋಗ ವಾಸಿಯಾದವರ ಗುಂಪಿಗೆ ಕೋಣೆ ಕೊಡಲೊಪ್ಪಲಿಲ್ಲ. ದೇಶವೆಲ್ಲ ಗದ್ದಲವೆದ್ದು, ಮರುವರ್ಷ ಆ ಹೋಟೆಲು ಮುಚ್ಚಿತು. ಹಳೇ ಕ್ರಮದ ಮನೆಯನ್ನು ಆರಿಸುವವರು ಹಳೇ ಕ್ರಮದ ಈ ಮುಖವನ್ನೂ ಮರೆಯಬಾರದು.

ಪಟ್ಟಂದೂರಿನ ಪಕ್ಕದ ವೈಟ್‌ಫೀಲ್ಡಿಗೂ ಒಂದು ತಂಗುಮನೆಯ ಐತಿಹ್ಯವಿದೆ. ಚಾಮರಾಜ ಒಡೆಯರು ಯುರೇಷ್ಯನ್ ಸಂಘಕ್ಕೆ ಕೊಟ್ಟ ನೆಲದಲ್ಲಿ 1882ರಲ್ಲಿ ಹುಟ್ಟಿದ ಈ ವಸಾಹತಿನಲ್ಲಿ ವೇವರ್ಲಿ ಇನ್ ಎಂಬ ಮನೆಯಿತ್ತು. ಸೈನ್ಯದಲ್ಲಿದ್ದ ತರುಣ ಚರ್ಚಿಲ್ ಅಲ್ಲಿಗೆ ಬರುತ್ತಿದ್ದ, ಯಜಮಾನನ ಮಗಳ ಮೇಲೆ ಅವನಿಗೆ ಮನಸ್ಸಿತ್ತು ಎಂದು ಹೇಳುವವರಿದ್ದಾರೆ. ಕಥೆಗೆ ಆಧಾರ ಕಡಿಮೆ, ಬಳಕೆ ಜಾಸ್ತಿ. ಈಗ ಅದೇ ಸೀಮೆಯಲ್ಲಿ ರಾತ್ರಿ ಕಳೆಯಬೇಕಾದವರಿಗೆ ಸಿಗುವುದು ಸ್ಟಾರ್ ಹೋಟೆಲು, ಸರ್ವಿಸ್ ಅಪಾರ್ಟ್‌ಮೆಂಟು, ಓಯೊ ಕೋಣೆ. ಇವುಗಳಲ್ಲಿ ಯಾವುದರಲ್ಲೂ ‘ಎಷ್ಟು ಹೊತ್ತಿಗೆ ಊಟ ಮಾಡ್ತೀರಿ’ ಎಂದು ಕೇಳುವವರಿಲ್ಲ.

ಸರಿ, ಟೋಕಿಯೊಗೆ ಹಿಂತಿರುಗೋಣ. ಅಲ್ಲಿ ನಗರದ ರಿಯೋಕಾನ್ ಎಂದು ಹುಡುಕಿದರೆ ಸಾಮಾನ್ಯವಾಗಿ ಮೊದಲು ಎದುರಾಗುವುದು ಹೊಶಿನೊಯಾ ಟೋಕಿಯೊ. 2016ರ ಜುಲೈಯಲ್ಲಿ ಬ್ಯಾಂಕುಗಳ ಬೀಡಾದ ಒತೆಮಾಚಿಯಲ್ಲಿ ತೆರೆದ, 84 ಕೋಣೆಗಳ, ಹದಿನೇಳು ಅಂತಸ್ತಿನ ಗೋಪುರ. ಬಾಗಿಲಲ್ಲೇ ಚಪ್ಪಲಿ ಬಿಟ್ಟರೆ ಆಮೇಲೆ ಲಿಫ್ಟಿನ ನೆಲಕ್ಕೂ ತತಾಮಿ ಚಾಪೆ. ಸ್ನಾನದ ನೀರನ್ನು 1,500 ಮೀಟರ್ ಆಳದಿಂದ ಎತ್ತುತ್ತಾರೆ. ಕೋಲಾರದ ರೈತನಿಗೆ ಈ ಬೋರ್‌ವೆಲ್ಲಿನ ಆಳ ಹೇಳಿದರೆ ನಗಬಹುದೋ ಅಳಬಹುದೋ ಗೊತ್ತಿಲ್ಲ. ಕಸುಬುದಾರಿಕೆ ಅದ್ಭುತ, ದರ ಆಕಾಶ. ಆದರೆ ಬೆಟ್ಟದ ಊರಿನ ಮನೆಯನ್ನು ಎತ್ತಿ ಗಾಜಿನ ಕಾಡಿನಲ್ಲಿ ನಿಲ್ಲಿಸಿದಂತೆ ಅದು. ಗೋಪುರದ ಒಳಗೆ ಹೋದವನಿಗೆ ಹೊರಗಿನ ಬೀದಿ ಯಾವುದಾದರೂ ಒಂದೇ. ಟೆಕ್ ಪಾರ್ಕಿನಲ್ಲಿ ದುಡಿಯುವವರಿಗೆ ಇದು ಹೊಸ ಅನುಭವವೇನಲ್ಲ. ಬೆಳಗ್ಗೆ ಗೇಟಿನೊಳಗೆ ಹೋದರೆ ಅವರ ಪಾಲಿಗೆ ಪಟ್ಟಂದೂರು ಹೀಗೇ ಮರೆಯಾಗುತ್ತದೆ.

ಇನ್ನೊಂದು ತುದಿಯಲ್ಲಿದೆ ಸವಾನೊಯಾ. ಟೋಕಿಯೊದ ಯನಾಕ ಎಂಬ ಹಳೇ ಬಡಾವಣೆಯಲ್ಲಿ 1949ರಲ್ಲಿ ಶುರುವಾದ, ಹನ್ನೆರಡೇ ಕೋಣೆಗಳ ಮನೆ. ಜಪಾನೀ ಗಿರಾಕಿಗಳು ಮಂಚದ ಹೋಟೆಲುಗಳತ್ತ ಸರಿದುಹೋಗಿ, 1982ರಲ್ಲಿ ಸತತ ಮೂರು ದಿನ ಒಬ್ಬರೂ ಬಾರದೆ ಕೋಣೆಗಳು ಖಾಲಿ ಬಿದ್ದವು. ಮುಚ್ಚುವುದೋ ಬಿಡುವುದೋ ಎಂಬ ಹೊತ್ತಿನಲ್ಲಿ ಮನೆಯವರು ಹೊರದೇಶದವರನ್ನು ಇಳಿಸಿಕೊಳ್ಳಲು ಹೊರಟರು, ಇಂಗ್ಲಿಷ್ ಅರೆಬರೆ ಇದ್ದರೂ. ರಾತ್ರಿಯೂಟ ಕೈಬಿಟ್ಟರು. ಆ ಕೆಲಸವನ್ನು ಬೀದಿಗೆ ಒಪ್ಪಿಸಿದರು: ಅತಿಥಿಗಳು ಸುತ್ತಲಿನ ಸಣ್ಣ ಹೋಟೆಲುಗಳಲ್ಲಿ ಉಣ್ಣಲಿ, ಅಂಗಡಿ ಬೀದಿಯಲ್ಲಿ ಅಡ್ಡಾಡಲಿ, ಮಲಗಲು ಮನೆಗೆ ಬರಲಿ. ಸ್ನಾನದ ಮನೆ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು, ಒಂದು ಕುಟುಂಬ ಒಳಗಿದ್ದರೆ ಇನ್ನೊಂದು ಕಾಯಬೇಕು. ಮನೆ ಉಳಿಯಿತು, ಹೆಸರೂ ಬಂತು. ಅದೇ ಯನಾಕದಲ್ಲಿ 2015ರಲ್ಲಿ ಶುರುವಾದ ಹನಾರೆ ಎಂಬ ವಸತಿ ಈ ತರ್ಕವನ್ನು ತುದಿಗೆ ಕೊಂಡೊಯ್ದಿದೆ. ಬರಮಾಡಿಕೊಳ್ಳುವ ಕಟ್ಟೆ ಒಂದು ಹಳೇ ಮರದ ಕಟ್ಟಡದಲ್ಲಿ, ಕೋಣೆ ಇನ್ನೊಂದು ಗಲ್ಲಿಯಲ್ಲಿ, ಸ್ನಾನ ಬಡಾವಣೆಯ ಸಾರ್ವಜನಿಕ ಬಚ್ಚಲುಮನೆಯಲ್ಲಿ, ಊಟ ಎಲ್ಲಿ ಬೇಕಾದರೂ.

ನಗರಕ್ಕೆ ಯಾವ ರಿಯೋಕಾನ್ ಎಂಬ ಪ್ರಶ್ನೆ ಬಿಚ್ಚಿಕೊಳ್ಳುವುದು ಇಲ್ಲಿ. ಊಟ, ಸ್ನಾನ, ಸಂಜೆ ಎಲ್ಲವನ್ನೂ ಮನೆಯೊಳಗೇ ಕೊಡುವ ಮನೆಗೆ ಸಂಜೆಯನ್ನು ಪೂರ್ತಿ ಬಿಟ್ಟುಕೊಡಬೇಕು, ಒಂದು ರಾತ್ರಿ ಮಾತ್ರ, ಬೇರೆ ಯಾವ ಕಾರ್ಯಕ್ರಮವೂ ಇಲ್ಲದ ದಿನ. ಊರು ನೋಡುವ ನಾಲ್ಕೈದು ರಾತ್ರಿಗಳಿಗೆ ಬೀದಿಯ ಜತೆ ಕೊಡುಕೊಳ್ಳುವಿಕೆ ಇರುವ ಸಣ್ಣ ಮನೆ ಹೊಂದುತ್ತದೆ. ಹೊಂದದೇ ಇರುವುದು ಮೂರನೆಯದು. ರಾತ್ರಿ ಹತ್ತಕ್ಕೆ ಬರುವವನು ಚಿತ್ರ ನೋಡಿ ಐದು ರಾತ್ರಿ ದೊಡ್ಡ ರಿಯೋಕಾನ್ ಹಿಡಿಯುವುದು. ಜನ ಹೆಚ್ಚಾಗಿ ಮಾಡುವುದೂ ಅದನ್ನೇ.

ಹೆಸರನ್ನು ನಂಬಿ ಆರಿಸುವ ಕಾಲವೂ ಮುಗಿದಿದೆ. ಜಪಾನಿನಲ್ಲಿ 1980ರ ಸುಮಾರಿಗೆ 80 ಸಾವಿರ ದಾಟಿದ್ದ ರಿಯೋಕಾನ್‌ಗಳು 2017ರ ಹೊತ್ತಿಗೆ 40 ಸಾವಿರಕ್ಕೂ ಕಡಿಮೆ. ಮಕ್ಕಳು ಮುಂದುವರಿಸಲಿಲ್ಲ, ಹಾಸಿಗೆ ಹಾಸುವವರು ಸಿಗಲಿಲ್ಲ. ಮೊದಲು ರಿಯೋಕಾನ್ ಎಂದರೆ ಕನಿಷ್ಠ ಐದು ಕೋಣೆ, ಹೋಟೆಲ್ ಎಂದರೆ ಹತ್ತು, ಒಂದೊಂದಕ್ಕೆ ಬೇರೆ ಬೇರೆ ಪರವಾನಗಿ. 2018ರ ಜೂನ್ 15ರಿಂದ ಕಾಯ್ದೆ ಎರಡನ್ನೂ ಒಂದೇ ವರ್ಗಕ್ಕೆ ಸೇರಿಸಿತು. ಅಲ್ಲಿಂದಾಚೆ ರಿಯೋಕಾನ್ ಎಂಬ ಮಾತು ಕಾನೂನಿನ ಪ್ರತ್ಯೇಕ ಗುರುತಾಗಿ ಉಳಿದಿಲ್ಲ. ಚಾಪೆ ಹಾಸಿದ ಕೋಣೆಗೆ ಯಾರು ಬೇಕಾದರೂ ಆ ಹೆಸರಿಡಬಹುದು. ನಮ್ಮಲ್ಲಿ ‘ಹೋಂ ಸ್ಟೇ’ ಎಂಬ ಪದಕ್ಕೆ ಆದ ಗತಿಯೇ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಹೋಂ ಸ್ಟೇ ಎಂದು ಹೋಗಿ, ಮನೆಯವರ ಮುಖವನ್ನೇ ನೋಡದೆ ಕೇರ್‌ಟೇಕರ್ ಕೈಯಿಂದ ಬೀಗದ ಕೈ ಪಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೋಡಬೇಕಾದದ್ದು ಮನೆ ನಿಮ್ಮನ್ನು ಏನು ಕೇಳುತ್ತದೆ ಎಂಬುದನ್ನು. ಬರುವ ಹೊತ್ತು ಕೇಳಿದರೆ, ಏನು ತಿನ್ನುವುದಿಲ್ಲ ಎಂದು ವಾರ ಮೊದಲೇ ವಿಚಾರಿಸಿದರೆ, ಅಲ್ಲಿ ನಿಮಗಾಗಿ ಯಾರೋ ಅಡುಗೆ ಲೆಕ್ಕ ಹಾಕುತ್ತಿದ್ದಾರೆ. ಏನೂ ಕೇಳದೆ ಬಾಗಿಲಿನ ಕೋಡ್ ನಂಬರ್ ಮಾತ್ರ ಕಳಿಸಿದರೆ ಅದು ಚಾಪೆ ಹಾಸಿದ ಓಯೊ. ದರ ಕಡಿಮೆ ಇದ್ದರೆ ಅದನ್ನು ಹಿಡಿಯುವುದರಲ್ಲೂ ತಪ್ಪಿಲ್ಲ, ಹಿಡಿದದ್ದು ಏನೆಂದು ಗೊತ್ತಿದ್ದರಾಯಿತು. ಊಟವಿಲ್ಲದೆ ಬರೀ ಮಲಗುವುದಕ್ಕೆ ಕೋಣೆ ಕೊಡುವ ಪದ್ಧತಿಗೆ ಸುದೊಮಾರಿ ಎಂದು ಹೆಸರು. ಅನೇಕ ಒಳ್ಳೇ ಮನೆಗಳೂ ಈಗ ಇದಕ್ಕೆ ಒಪ್ಪುತ್ತವೆ. ಸಸ್ಯಾಹಾರಿಗಳಿಗಂತೂ ಈ ಒಂದು ಪದ ಗೊತ್ತಿದ್ದರೆ ಅರ್ಧ ಸಂಕಟ ತಪ್ಪುತ್ತದೆ.

ಉಳಿದರ್ಧ ಸಂಕಟ ಸಾರಿನಲ್ಲಿದೆ. ಜಪಾನೀ ಅಡುಗೆಯ ಬುನಾದಿ ದಾಶಿ ಎಂಬ ತಿಳಿಸಾರು. ಅದನ್ನು ಕೊಂಬು ಎಂಬ ಕಡಲ ಪಾಚಿ ಮತ್ತು ಕತ್ಸುವೊಬುಶಿ ಎಂಬ ಒಣಗಿಸಿ ಹೊಗೆಯಾಡಿಸಿದ ಮೀನಿನ ಹೆರೆತದಿಂದ ಮಾಡುತ್ತಾರೆ. ಮಿಸೊ ಸಾರು, ಬೇಯಿಸಿದ ಮೂಲಂಗಿ, ತರಕಾರಿ ತೆಂಪುರಾ ಅದ್ದಿಕೊಳ್ಳುವ ರಸ, ಎಲ್ಲದರೊಳಗೂ ಅದಿರುತ್ತದೆ. ‘ಮಾಂಸ ಬೇಡ’ ಎಂದರೆ ಮೀನು ಬರುತ್ತದೆ. ‘ಮೀನೂ ಬೇಡ’ ಎಂದರೆ ಮೀನು ಕಾಣದ ಮೀನು ಬರುತ್ತದೆ. ಅಡುಗೆಯವರು ಮೋಸ ಮಾಡುತ್ತಿಲ್ಲ. ನಮ್ಮ ಸಾರಿಗೆ ಇಂಗು ಹಾಕಿದ್ದೀರಾ ಎಂದು ಯಾರಾದರೂ ಕೇಳಿದರೆ ನಮಗೆ ಆಗುವ ಅಚ್ಚರಿಯೇ ಅವರಿಗೂ. ಹಾಗಾಗಿ ‘ದಾಶಿ ಕೊಂಬು ಮತ್ತು ಶಿಟಾಕೆ ಅಣಬೆಯದು ಮಾತ್ರ ಇರಲಿ’ ಎಂದು ಕೋಣೆ ಕಾದಿರಿಸುವಾಗಲೇ ಬರೆಯಬೇಕು. ಆಗುವುದಿಲ್ಲ ಎಂದು ಉತ್ತರ ಬಂದರೆ ಆ ಮನೆಗೆ ಇನ್ನಷ್ಟು ಗೌರವ ಕೊಟ್ಟು ಬೇರೆ ನೋಡಬೇಕು. ಬಂದ ದಿನ ಸಂಜೆ ಆರಕ್ಕೆ ಹೇಳುವುದು ಇಬ್ಬರಿಗೂ ಅವಮಾನ.

ಇದಕ್ಕೊಂದು ಒಳದಾರಿಯೂ ಇದೆ. ಬೌದ್ಧ ದೇವಾಲಯಗಳ ಶೋಜಿನ್ ಅಡುಗೆಯಲ್ಲಿ ಮೀನಿನ ಸುಳಿವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಠದ ಊಟ ಉಂಡು ಬೆಳೆದವರಿಗೆ ನೆಂಟರ ಮನೆಗೆ ಹೋದಂತೆ. ಒಸಾಕದಿಂದ ಸುಮಾರು ಎರಡು ಗಂಟೆಯ ದಾರಿಯ ಕೋಯಸಾನ್ ಬೆಟ್ಟದಲ್ಲಿ ಸುಮಾರು 50 ದೇವಾಲಯಗಳು ಯಾತ್ರಿಕರಿಗೆ ಕೋಣೆ, ಊಟ ಕೊಡುತ್ತವೆ. ಚಾಪೆ, ಕಾಗದದ ಬಾಗಿಲು, ಹಾಸಿಗೆ ಎಲ್ಲ ರಿಯೋಕಾನ್‌ನದೇ. ಬೆಳಗ್ಗೆ ಆರರ ಪೂಜೆ ಹೆಚ್ಚುವರಿ. ಇದು ನಗರವಲ್ಲ, ನಿಜ. ಆದರೆ ನಗರದ ರಿಯೋಕಾನ್‌ನಲ್ಲಿ ಊಟ ಬಿಟ್ಟವರು ಒಂದು ರಾತ್ರಿ ಇಲ್ಲಿಗೆ ಬಂದರೆ ಆ ಲೆಕ್ಕ ಚುಕ್ತಾ.

ಸ್ನಾನದ ವಿಷಯಕ್ಕೆ ಕನ್ನಡದವರು ಹಿಂದೆಮುಂದೆ ನೋಡುತ್ತಾರೆ. ಹತ್ತು ಜನ ಇಳಿದ ತೊಟ್ಟಿಗೆ ತಾನೂ ಇಳಿಯುವುದೇ? ಅಲ್ಲಿನ ಕ್ರಮ ತಿಳಿದರೆ ಅಳುಕು ಕಡಿಮೆಯಾದೀತು. ತೊಟ್ಟಿ ಮೈ ತೊಳೆಯುವ ಜಾಗವಲ್ಲ. ಹೊರಗೆ ಚಿಕ್ಕ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ತಂಬಿಗೆಯಲ್ಲಿ ನೀರು ಸುರಿದುಕೊಂಡು ಪೂರ್ತಿ ಶುಚಿಯಾದ ಮೇಲಷ್ಟೇ ಒಳಗೆ. ಹಂಡೆ ನೀರು, ಮಣೆ, ತಂಬಿಗೆ: ಮಲೆನಾಡಿನ ಬಚ್ಚಲುಮನೆ ನೋಡಿದವರಿಗೆ ಮೊದಲರ್ಧ ಹೊಸದಲ್ಲ. ತೊಟ್ಟಿಯಲ್ಲಿ ಕೂರುವುದು ಮಾತ್ರ ಹೆಚ್ಚಿನದು. ಅದೂ ಬೇಡವೆನ್ನುವವರು ಚಿಲಕ ಹಾಕಿಕೊಳ್ಳುವ ಸ್ನಾನದ ಮನೆ ಇದೆಯೇ ಎಂದು ಮೊದಲೇ ಕೇಳಬಹುದು. ನಗರದ ಸಣ್ಣ ಮನೆಗಳು ಈ ವಿಷಯದಲ್ಲಿ ಬುಗ್ಗೆಯೂರಿನವುಗಳಿಗಿಂತ ಅನುಕೂಲ.

ಮೊಣಕಾಲು ಇನ್ನೊಂದು ಮಾತು. ಹಾಸಿಗೆಯಿಂದ ನೆಲಕ್ಕೆ ಕೈಯೂರಿ ಏಳಬೇಕು, ಊಟಕ್ಕೆ ಒಂದೂವರೆ ಗಂಟೆ ಕೆಳಗೆ ಕೂರಬೇಕು. ಅರವತ್ತು ದಾಟಿದ ಜಪಾನೀಯರಿಗೇ ಅದು ಕಷ್ಟವಾಗಿ, ಅನೇಕ ಮನೆಗಳು ಚಾಪೆಯ ಮೇಲೆ ತಗ್ಗು ಮಂಚ, ಊಟಕ್ಕೆ ಕುರ್ಚಿ ಇಡತೊಡಗಿವೆ. ಸಂಪ್ರದಾಯ ಕೆಟ್ಟಿತು ಎಂದು ಮೂಗು ಮುರಿಯುವ ಪ್ರವಾಸಿಗಳಿದ್ದಾರೆ. ಮನೆಗೆ ಬಂದ ಹಿರಿಯರಿಗೆ ಕುರ್ಚಿ ಎಳೆದುಕೊಡುವುದು ಯಾವ ಸಂಪ್ರದಾಯಕ್ಕೆ ವಿರುದ್ಧವೋ ಅವರೇ ಹೇಳಬೇಕು.

ಪಟ್ಟಂದೂರಿನ ಆ ಮನೆಯಲ್ಲಿ ಕೊನೆಗೆ ಲೆಕ್ಕ ಹೀಗೆ ಕೂತಿತು ಎಂದುಕೊಳ್ಳೋಣ. ಟೋಕಿಯೊದಲ್ಲಿ ನಾಲ್ಕು ರಾತ್ರಿ, ಅಂಗಡಿ ಬೀದಿಯ ಪಕ್ಕದ ಸಣ್ಣ ಮನೆ, ಬರೀ ತಿಂಡಿ. ಕ್ಯೋಟೊದಲ್ಲಿ ಮೂರು ರಾತ್ರಿ, ಎರಡು ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ, ಕೊನೆಯದು ಪೂರ್ತಿ ರಿಯೋಕಾನ್‌ನಲ್ಲಿ. ದಾಶಿಯ ಬಗ್ಗೆ ಪತ್ರ ಹೋಗಿದೆ, ಆಗುತ್ತದೆಂದು ಉತ್ತರವೂ ಬಂದಿದೆ. ಅಮ್ಮನಿಗೆ ಮಂಚದ ಕೋಣೆ ಎಂದು ಮಗ ಕೇಳಿದ್ದಾನೆ. ಅಮ್ಮ ಬೇಡವೆಂದಿದ್ದಾರೆ, ಒಂದು ರಾತ್ರಿ ತಾನೆ. ಫೋನಿನಲ್ಲಿ ಉಳಿದಿರುವುದು ಒಂದೇ ಕಾಲಂ: ಎಷ್ಟು ಗಂಟೆಗೆ ಬರುತ್ತೀರಿ. ಮಗ ಅಭ್ಯಾಸಬಲದಿಂದ ರಾತ್ರಿ ಎಂಟು ಎಂದು ಒತ್ತಲು ಹೋಗುತ್ತಾನೆ.

‘ಯಾರದೋ ಮನೆಗೆ ಊಟಕ್ಕೆ ಹೋಗ್ತಾ ಎಂಟು ಗಂಟೆಗೆ ಹೋಗ್ತಾರೇನೋ? ನಾಲ್ಕು ಅಂತ ಹಾಕು.’